ಮೀನಿನ ಕಿವಿಯೊಳಗಿನ ವಯಸ್ಸು

ಉತ್ತರ ನಾರ್ವೆಯ ಬಂದರಿನ ಪ್ರಯೋಗಾಲಯದಲ್ಲಿ ರಾಗ್ನಿ ಸೋಲ್ಬಕ್ ಹತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಕೆಂಪುಮೀನಿನ ಕಿವಿಯೊಳಗಿನ ಪುಟ್ಟ ಎಲುಬನ್ನು ಸೂಕ್ಷ್ಮದರ್ಶಕದಡಿ ಇಟ್ಟು ಗೆರೆ ಎಣಿಸುವುದು. ಮರದ ಕಾಂಡದಂತೆ ಅದರಲ್ಲೂ ವರ್ಷಕ್ಕೊಂದು ಗೆರೆ. ಎಂಥ ಮುದಿ ಮೀನಿಗೂ ಇಪ್ಪತ್ತು ದಾಟದು ಎಂದು ಅವಳು ಬರೆದದ್ದನ್ನು ನಂಬಿಯೇ ಸರ್ಕಾರದವರು ಮೀನುಗಾರರಿಗೆ ಎಷ್ಟು ಹಿಡಿಯಬಹುದೆಂದು ಮಿತಿ ಹಾಕುತ್ತಿದ್ದರು.

ಮಾರ್ಚಿನ ಒಂದು ಬೆಳಿಗ್ಗೆ ಎಲುಬೊಂದು ಅವಳ ಬೆರಳ ನಡುವೆ ಪಟ್ಟನೆ ಮುರಿಯಿತು. ಎಸೆಯಹೊರಟವಳು ಸುಮ್ಮನೆ ಮುರಿದ ಅಂಚನ್ನು ನೋಡಿದಳು. ಮೇಲಿನಿಂದ ಎಂದೂ ಕಾಣದ ಗೆರೆಗಳು ಅಲ್ಲಿ ಕೂದಲೆಳೆಯಷ್ಟು ಸಣ್ಣಗೆ, ಒತ್ತೊತ್ತಾಗಿ ಕೂತಿದ್ದವು. ನಲವತ್ತೊಂಬತ್ತು! ಇನ್ನೂ ಹತ್ತು ಎಲುಬು ಮುರಿದು ನೋಡಿದಳು, ಎಲ್ಲದರಲ್ಲೂ ಹಾಗೇ. ಕಾಫಿ ಆರಿಹೋಯಿತು. ದೊಡ್ಡ ಮೀನುಗಳ ವಯಸ್ಸೆಲ್ಲ ತಪ್ಪು, ಬರೆದವಳು ತಾನೇ.

ಪ್ರಯೋಗಾಲಯದ ಮುಖ್ಯಸ್ಥ ಎಸ್ಪೆನ್ ಬಳಿ ನೇರ ಹೋಗಿ ಹೇಳಿದಳು.

“ಹತ್ತೊಂಬತ್ತು ವರ್ಷದ ಲೆಕ್ಕ ರಾಗ್ನಿ! ಇಷ್ಟು ದಿನ ಯಾರಿಗೂ ಗೊತ್ತಾಗಿರ್ಲಿಲ್ವಲ್ಲ…”

“ಈಗ ನನಗೆ ಗೊತ್ತಾಯ್ತಲ್ಲ.”

ಮೀನುಗಾರರ ಸಭೆಯಲ್ಲಿ ಅವಳೇ ಎದ್ದು ತಪ್ಪನ್ನು ಒಪ್ಪಿಕೊಂಡಳು. ದೋಣಿ ಒಡೆಯ ಔಡುನ್ ಬಿಡಲಿಲ್ಲ. “ಇಷ್ಟು ವರ್ಷ ಎಣಿಸೋಕೇ ಬರ್ತಿರ್ಲಿಲ್ಲ ಅಂತೀಯಲ್ಲಮ್ಮ, ಈಗ ಬಂತು ಅಂತ ಹೆಂಗೆ ನಂಬೋದು?”

ಸಭೆ ಗೊಳ್ಳೆಂದಿತು. ರಾಗ್ನಿಯ ಮುಖ ಕೆಂಪಾಯಿತು. “ನಂಬಬೇಡ. ಬಾ, ನೀನೇ ಎಣಿಸು.”

ಅವಳು ತಂದಿದ್ದ ಸೂಕ್ಷ್ಮದರ್ಶಕದಲ್ಲಿ ಇನ್ನೊಂದು ಮುರಿದ ಎಲುಬನ್ನು ನೋಡಲು ಅವನು ಗೊಣಗುತ್ತಲೇ ಬಗ್ಗಿದ. ಬಹಳ ಹೊತ್ತಿನ ಮೇಲೆ ತಲೆಯೆತ್ತಿದ. “ಐವತ್ತೊಂದು. ನನಗಿಂತ ದೊಡ್ಡದು ಕಣ್ರೋ, ಇದನ್ನ ಅಣ್ಣ ಅನ್ಬೇಕು!”

“ಇಷ್ಟು ನಿಧಾನಕ್ಕೆ ಬೆಳೆಯೋ ಮೀನನ್ನ ನಾವು ಅಷ್ಟು ಬೇಗ ಹಿಡಿದು ಮುಗಿಸ್ತಿದೀವಿ, ಔಡುನ್,” ಎಂದಳು ರಾಗ್ನಿ.

ಅಷ್ಟಕ್ಕೇ ಅವಳು ನಿಲ್ಲಲಿಲ್ಲ. ಮುರಿದ ಎಲುಬುಗಳನ್ನು ತನ್ನ ಎಣಿಕೆ ತಿಳಿಸದೆ ಐಸ್‌ಲ್ಯಾಂಡಿನ ಸ್ಟೇನುನ್ ಎಂಬ ಎಣಿಕೆಗಾರ್ತಿಗೆ ಕಳಿಸಿದಳು. ದೊಡ್ಡ ಮೀನುಗಳಲ್ಲಿ ಇಬ್ಬರ ಲೆಕ್ಕವೂ ತಾಳೆಯಾಯಿತು. ಮರಿಗಳಲ್ಲಿ ಮಾತ್ರ ರಾಗ್ನಿ ಎರಡೆರಡು ಹೆಚ್ಚಿಗೆ ಎಣಿಸಿದ್ದಳು. ಮತ್ತೆ ನೋಡಿದಳು, ಸ್ಟೇನುನ್ ಹೇಳಿದ್ದೇ ಸರಿ.

ಮರುದಿನ ಅವಳು ಡಬ್ಬಿ ತುಂಬ ಸಿಹಿದೋಸೆಯಂಥ ವಾಫಲ್ ತಂದಾಗ ಎಸ್ಪೆನ್ ಕೇಳಿದ, “ಯಾರ ಹುಟ್ಟುಹಬ್ಬ?”

“ಸ್ಟೇನುನ್ ನನ್ನ ತಪ್ಪು ಹಿಡಿದಿದ್ದಾಳೆ. ತಗೋ, ಬಿಸಿ ಇದೆ.”

ಆ ಶರತ್ಕಾಲದಲ್ಲೇ ಹಿಡಿಯುವ ಮಿತಿ ಅರ್ಧಕ್ಕಿಳಿಯಿತು. ಹಳೆಯ ಪೆಟ್ಟಿಗೆಗಳಲ್ಲಿದ್ದ ಎಲುಬುಗಳನ್ನೆಲ್ಲ ಮತ್ತೆ ಎಣಿಸಲು ಅವಳಿಗೆ ನಾಲ್ಕು ಚಳಿಗಾಲ ಹಿಡಿಯಿತು. ದಾಖಲೆಯಲ್ಲಿ ಹಳೆಯ ಅಂಕಿಯನ್ನು ಅವಳು ಎಲ್ಲೂ ಅಳಿಸಲಿಲ್ಲ. ಓದಲು ಬರುವಂತೆ ಒಂದು ಗೀಟು ಹೊಡೆದು, ಪಕ್ಕದಲ್ಲಿ ಹೊಸದನ್ನು ಬರೆದು, ಸಹಿ ಹಾಕಿದಳು.