ದೇಶದ ದೀಪ ಬದಲಿಸಲು ಹೋದ ಅತ್ತೆ

ನಮ್ಮತ್ತೆಯ ತುರುಬಿನಲ್ಲಿ ಅಬ್ಬಲಿಗೆ ದಂಡೆಯ ಪಕ್ಕಕ್ಕೇ ಒಂದು ಟೆಸ್ಟರ್ ಸಿಕ್ಕಿಸಿರುತ್ತಿತ್ತು. ಕರೆಂಟು ಇದೆಯೋ ಇಲ್ಲವೋ ನೋಡುವ, ಹಳದಿ ಹಿಡಿಕೆಯ, ತುದಿ ಸವೆದ ಸಣ್ಣ ಟೆಸ್ಟರು. ಹೆಣ್ಣು ನೋಡಲು ಕಮರಿಪೇಟೆಯ ನನ್ನ ತವರುಮನೆಗೆ ಬಂದ ದಿನವೂ ಅದು ಅಲ್ಲೇ ಇತ್ತು. ಅವಲಕ್ಕಿ ತಟ್ಟೆ ಹಿಡಿದು ಬಂದ ನಾನು ನಮಸ್ಕಾರ ಮಾಡುವುದನ್ನೂ ಮರೆತು ಅವರ ತುರುಬನ್ನೇ ನೋಡುತ್ತ ನಿಂತುಬಿಟ್ಟೆ. ನಮ್ಮದು ಹಳೆಯ ಓಣಿ ಮನೆ. ನಡುಮನೆಗೆ ಬಿಸಿಲು ಇಣುಕುವುದಿಲ್ಲ, ಮಧ್ಯಾಹ್ನವೂ ಬಲ್ಬು ಉರಿಯಬೇಕು. ಅತ್ತೆ ತಲೆಯೆತ್ತಿ ಆ ಬಲ್ಬನ್ನು ನೋಡಿದರು, ಆಮೇಲೆ ನನ್ನನ್ನು.

"ಬಿ.ಎಸ್ಸಿ. ಫಿಜಿಕ್ಸ್ ಅಂದ್ರಲ್ಲ? ಹಂಗಾರ ಹೇಳವಾ, ಆ ಬಲ್ಬಿಗೆ ಹೋಗೋ ಕರೆಂಟಿನ್ಯಾಗ ಬೆಳಕಾಗೋದು ಎಷ್ಟು?"

"ಭಾಳ ಕಡಿಮಿ ರೀ. ಉಳದದ್ದೆಲ್ಲಾ ಬರೇ ಶಾಖ."

"ಅಂದ್ರ ನಾವು ದೀಪಾ ಹಚ್ಚಾಕತ್ತಿಲ್ಲ, ಒಲಿ ಹಚ್ಚಾಕತ್ತೇವಿ," ಎಂದು ಗಟ್ಟಿಯಾಗಿ ನಕ್ಕರು. ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಆಮೇಲೆ ಯಾರೂ ಕೇಳಲಿಲ್ಲ. ಮದುವೆ ನಿಶ್ಚಯವಾಯಿತು.

ಅತ್ತೆ ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಅಧ್ಯಾಪಕಿ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅತ್ತೆ ಹೂ ಮುಡಿಯುವುದನ್ನು ಬಿಟ್ಟಿರಲಿಲ್ಲ. ಯಾರಾದರೂ ಹುಬ್ಬೇರಿಸಿದರೆ, "ಹೂವು ನನ್ನ ತಲಿಗೆ ರೀ, ಅವರ ತಲಿಗಲ್ಲ" ಎನ್ನುವರು. ಬೈರಿದೇವರಕೊಪ್ಪದ ಮನೆಯಿಂದ ದಿನಾ ಬೆಳಿಗ್ಗೆ ಮೊಪೆಡ್ ಏರಿ ಹೊರಟರೆ, ಎದುರಿಗೆ ಸಿಕ್ಕವರೆಲ್ಲ ಕೈಯೆತ್ತಿ ನಿಲ್ಲಿಸಿ ಫ್ಯಾನು, ಇಸ್ತ್ರಿ, ಮಿಕ್ಸರುಗಳ ರೋಗ ಹೇಳಿಕೊಳ್ಳುವರು. ಅವರು ನಿಂತು ಕೇಳುವರು, ಕಾಲೇಜಿಗೆ ತಡವಾಗುವುದು. ಮನೆಯಲ್ಲಿ ಮಾತ್ರ ಅವರಷ್ಟು ಮರೆಗುಳಿ ಇನ್ನೊಬ್ಬರಿರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿ, "ಇವತ್ತು ನೀರು ಜಾಸ್ತಿ ಕುಡೀರಿ" ಎಂದು ಬಡಿಸುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಳೆಯ ಬಲ್ಬಿನ ಕಾಲುಭಾಗ ಕರೆಂಟಿನಲ್ಲಿ ಅಷ್ಟೇ ಬೆಳಕು ಕೊಡುವ ಸಿಎಫ್‌ಎಲ್ ಎಂಬ ಬಿಳಿ ಕೊಳವೆ ದೀಪಗಳು ಆಗಷ್ಟೇ ಅಂಗಡಿಗಳಲ್ಲಿ ಕಾಣತೊಡಗಿದ್ದವು. ಅತ್ತೆ ಕಾಲೇಜಿನ ಒಂದು ಯೋಜನೆಯ ಹೆಸರಿನಲ್ಲಿ ಬೈರಿದೇವರಕೊಪ್ಪದ ನಮ್ಮ ಓಣಿಗೆಲ್ಲ ಅವನ್ನು ತಂದರು. ಪ್ರತಿ ಮನೆಗೂ ಹೋಗಿ, ತಾವೇ ಸ್ಟೂಲು ಹತ್ತಿ, ಹಳೆಯ ಬಲ್ಬು ಬಿಚ್ಚಿ ತೆಗೆದುಕೊಂಡು ಹೊಸದನ್ನು ಕೂಡಿಸಿದರು. ಸಂಜೆ ಓಣಿಗೆ ಓಣಿಯೇ ಬೆಳ್ಳಗೆ ಹೊಳೆಯಿತು. ಅತ್ತೆ ಕಟ್ಟೆಯ ಮೇಲೆ ಕೂತು, ಮದುವೆ ಮನೆಯ ಯಜಮಾನಿಯ ಹಾಗೆ ಬೀಗಿದರು.

ಬೇಸಿಗೆ ಬರುವಷ್ಟರಲ್ಲಿ ಆ ದೀಪಗಳು ಒಂದೊಂದಾಗಿ ಸತ್ತವು. ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಕಾಕಾ ಒಂದು ಬಕೆಟ್ಟಿನ ತುಂಬ ಸತ್ತ ದೀಪಗಳನ್ನು ಹೊತ್ತು ತಂದು ನಮ್ಮ ಅಂಗಳದಲ್ಲಿ ಕುಕ್ಕಿದರು. ಹಿಂದೆ ಓಣಿಯ ಹೆಂಗಸರೆಲ್ಲ ನಿಂತಿದ್ದರು.

"ಅಕ್ಕಾರ, ನಿಮ್ಮ ಕಾಲೇಜಿನ ಶಾಣ್ಯಾತನ ನಮ್ಮ ಓಣ್ಯಾಗ ನಡ್ಯಂಗಿಲ್ಲ. ನಮ್ಮ ಹಳೀ ಬಲ್ಬು ನಮಗ ಕೊಟ್ಟಬಿಡ್ರಿ."

ನನ್ನ ಗಂಡ ಏನೋ ಹೇಳಲು ಮುಂದಾದರು. ಅತ್ತೆ ಅವರ ತೋಳು ಹಿಡಿದು ಹಿಂದಕ್ಕೆ ಸರಿಸಿ ಅಂಗಳಕ್ಕಿಳಿದರು.

"ತಪ್ಪು ನಂದು ಕಾಕಾ. ಈ ದೀಪಾ ಛಲೋ ಉರೀತದ ಅಂತ ಲ್ಯಾಬಿನ್ಯಾಗ ನೋಡಿದ್ದೆ. ನಿಮ್ಮ ಮನ್ಯಾಗ ನೋಡಿರಲಿಲ್ಲ."

ಅದೇ ಸಂಜೆ ಮತ್ತೆ ಮನೆಮನೆಗೆ ಹೋಗಿ, ಅದೇ ಸ್ಟೂಲು ಹತ್ತಿ, ಹಳೆಯ ಬಲ್ಬುಗಳನ್ನು ತಿರುಗಿ ಹಾಕಿಕೊಟ್ಟರು. ಸ್ಟೂಲು ಹಿಡಿದುಕೊಂಡು ಜೊತೆಗೆ ಹೋದವಳು ನಾನು. ಕೆಲವರು ಮುಖ ತಿರುಗಿಸಿದರು, ಕೆಲವರು ಚಹಾ ಕೊಟ್ಟರು. ಅತ್ತೆ ಎರಡೂ ಥರದವರ ಮನೆಯಲ್ಲೂ ಒಂದೇ ರೀತಿ ನಗುತ್ತ ಕೆಲಸ ಮುಗಿಸಿ ಬಂದರು. ಮನೆಗೆ ಬಂದ ಮೇಲೆ ಬಕೆಟ್ಟಿನಿಂದ ಸತ್ತ ದೀಪವೊಂದನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡತೊಡಗಿದರು.

ಮರುದಿನದಿಂದ ನಾವಿಬ್ಬರೂ ಸಂಜೆ ಮೀಟರು ಹಿಡಿದು ಓಣಿ ಸುತ್ತತೊಡಗಿದೆವು. ಕಾರಣ ಬೇಗ ಗೊತ್ತಾಯಿತು. ದೀಪ ಹಚ್ಚುವ ಹೊತ್ತಿಗೇ ಗಿರಣಿ, ಪಂಪುಗಳೆಲ್ಲ ನಡೆದು ವೋಲ್ಟೇಜು ಕುಸಿಯುತ್ತಿತ್ತು. ಹಳೆಯ ಬಲ್ಬಾದರೆ ಮಂಕಾಗಿ ಉರಿದುಕೊಂಡಿರುತ್ತದೆ. ಈ ದೀಪ ಹಾಗಲ್ಲ, ಹೊತ್ತಿಕೊಳ್ಳಲು ಮತ್ತೆ ಮತ್ತೆ ಹೆಣಗಿ, ತುದಿ ಕಪ್ಪಾಗಿ ಸಾಯುತ್ತಿತ್ತು. ಅತ್ತೆ ಮಾಳಿಗೆಯ ಕೋಣೆಯಲ್ಲಿ ಒಂದು ಹಲಗೆಗೆ ಹೋಲ್ಡರುಗಳನ್ನು ಸಾಲಾಗಿ ಜೋಡಿಸಿ, ವೋಲ್ಟೇಜು ಏರಿಸಿ ಇಳಿಸುವ ಯಂತ್ರವೊಂದನ್ನು ತಂದಿಟ್ಟರು. ಯಾವ ಕಂಪನಿಯ ಹೊಸ ದೀಪ ಬಂದರೂ ಮೊದಲು ಆ ಹಲಗೆಯ ಮೇಲೆ ನಮ್ಮ ಓಣಿಯ ಸಂಜೆಯನ್ನು ದಾಟಬೇಕು. ಅತ್ತೆ ಕಾಲೇಜಿಗೆ ಹೋದಾಗ ನೋಡಿಕೊಳ್ಳುವವಳು ನಾನು. "ಹೊಲಿಗಿ ಕ್ಲಾಸಿಗೆ ಹೋಗ್ತೇನ್ರಿ" ಎಂದು ಒಮ್ಮೆ ಕೇಳಿದ್ದಕ್ಕೆ, "ಹೋಗವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಫಿಜಿಕ್ಸ್ ಕಲತ ತಲಿ ಅದ ನಿಂದು, ಅದಕ್ಕೂ ಒಂದಿಷ್ಟು ಕೂಳು ಹಾಕು" ಎಂದಿದ್ದರು.

ಕೆಲವು ವರ್ಷಗಳಲ್ಲಿ ದೀಪಗಳು ಸುಧಾರಿಸಿದವು. ಹಲಗೆ ದಾಟಿದ ದೀಪಗಳನ್ನು ಅತ್ತೆ ಒಂದಿಡೀ ಬೇಸಿಗೆ ನಮ್ಮ ಮನೆಯಲ್ಲೇ ಉರಿಸಿ ನೋಡಿದರು. ಆಮೇಲೆ ಮೊದಲು ಕೇಳಿ ತೆಗೆದುಕೊಂಡು ಹೋದವರು ಗಿರಣಿ ಕಾಕಾ.

ಓಣಿಯಲ್ಲಿ ಸೋತದ್ದು ಹೇಗೆ ಎಂಬುದನ್ನೇ ಅತ್ತೆ ಬೆಂಗಳೂರಿನ ಒಂದು ಸಭೆಯಲ್ಲಿ ಹೇಳಿದರು. ಬಡ ದೇಶಗಳು ಹಳೆಯ ಬಲ್ಬು ಬಿಟ್ಟು ಹೊಸ ದೀಪಕ್ಕೆ ಬರಲು ನೆರವಾಗುವ ಅಂತರರಾಷ್ಟ್ರೀಯ ಸಂಸ್ಥೆಯೊಂದರವರು ಅಲ್ಲಿದ್ದರು. ನಿವೃತ್ತಿಯಾದ ಮರುವರ್ಷ ಅವರಿಂದ ಕರೆ ಬಂತು. ಪೂರ್ವ ಆಫ್ರಿಕಾದ ಒಂದು ಸಣ್ಣ ಗುಡ್ಡಗಾಡು ದೇಶ. ಮಳೆ ಕೈಕೊಟ್ಟು ಅಣೆಕಟ್ಟುಗಳು ಬರಿದಾಗಿ, ಸಂಜೆಯಾದರೆ ಊರೂರು ಕತ್ತಲೆ. ಹೊಸ ವಿದ್ಯುತ್ ಸ್ಥಾವರ ಕಟ್ಟುವವರೆಗೆ ಕಾಯಲಾಗದೆ, ಮನೆಮನೆಯ ಬಲ್ಬು ಬದಲಿಸಿಯೇ ಕರೆಂಟು ಉಳಿಸಬೇಕೆಂದು ಅಲ್ಲಿನ ಸರಕಾರ ಹೊರಟಿತ್ತು. ಬರುವ ದೀಪಗಳನ್ನು ಪರೀಕ್ಷಿಸಿ ಸಹಿ ಹಾಕುವುದು ಅತ್ತೆಯ ಕೆಲಸ. ಶೇಂಗಾ ಚಟ್ನಿಪುಡಿ, ಗಟ್ಟಿ ರೊಟ್ಟಿ ಕಟ್ಟಿಕೊಂಡು, ಹುಟ್ಟಿದಂದಿನಿಂದ ವಿಮಾನದ ಒಳಗೆ ಕಾಲಿಡದ ಹೆಂಗಸು ಒಬ್ಬರೇ ಹೋದರು.

ಹೋಗಿ ಕೆಲವು ವಾರಗಳಾಗಿರಬೇಕು, ಒಂದು ಸಂಜೆ ಫೋನು ಬಂತು. ದನಿ ಸಣ್ಣಗಾಗಿತ್ತು.

"ಬಂದ ದೀಪಾ ನನಗ ಸೇರಿಲ್ಲವಾ. ಇಲ್ಲಿ ವೋಲ್ಟೇಜ್ ನಮ್ಮ ಓಣಿಗಿಂತ ಕಡಿಮಿ ಅದ. ಇವರು ಮಂತ್ರಿ ಕೈಲೆ ಹಂಚೋ ದಿನಾ ಗೊತ್ತು ಮಾಡ್ಯಾರ. ಸಹಿ ಮಾಡ್ರಿ, ಲಗೂ ಮಾಡ್ರಿ ಅಂತಾರ. ನನಗ ಕಂಡದ್ದು ಖರೇನೋ, ಹಳೀ ಅಂಜಿಕಿನೋ ತಿಳೀವಲ್ದು. ಮುಂಬೈಗೆ ಬರೋರ ಕೈಯಾಗ ಒಂದಿಷ್ಟು ದೀಪಾ ಕಳಸ್ತೇನಿ. ನಮ್ಮ ಹಲಗಿ ಮ್ಯಾಲೆ ನೀನಽ ನೋಡಿ ಹೇಳು."

ಆಗಲಿ ಎಂದು ಫೋನಿಟ್ಟೆ. ಒಂದು ದೇಶದ ಮಾತು, ಬೈರಿದೇವರಕೊಪ್ಪದ ಮಾಳಿಗೆ! ದೀಪಗಳು ಬಂದವು. ಅತ್ತೆ ಫೋನಿನಲ್ಲಿ ಹೇಳಿದ ವೋಲ್ಟೇಜಿಗೆ ಇಳಿಸಿ ಹಚ್ಚಿ ಆರಿಸುತ್ತ ಕೂತೆ. ವಾರ ಕಳೆಯುವಷ್ಟರಲ್ಲಿ ತುದಿಗಳು ಕಪ್ಪಾದವು. ಆಮೇಲೆ ಹೆಚ್ಚಿನವು ಹೊತ್ತಲೇ ಇಲ್ಲ.

"ನಿಮಗ ಕಂಡದ್ದು ಖರೇ ಅತ್ತಿ," ಎಂದೆ.

ಆ ಕಡೆ ದೊಡ್ಡ ಉಸಿರು ಕೇಳಿಸಿತು. "ಆತು. ಇನ್ನ ನಾ ಸಹಿ ಮಾಡಂಗಿಲ್ಲ."

ಮುಂದೆ ಆದದ್ದನ್ನು ಅವರು ಊರಿಗೆ ಬಂದ ಮೇಲೆ ಹೇಳಿದರು. ಇಲಾಖೆಯ ಹಿರಿಯ ಅಧಿಕಾರಿ, ಬೇಕಾದರೆ ನೀವು ಹಿಂತಿರುಗಬಹುದು ಎಂದನಂತೆ. ಅತ್ತೆ ಜಗಳವಾಡಲಿಲ್ಲ. "ಮಂದಿ ಒಮ್ಮೆ ಮೋಸ ಹೋದರೆ ಮತ್ತೆ ನಿಮ್ಮ ದೀಪ ಮುಟ್ಟುವುದಿಲ್ಲ. ನನ್ನ ಓಣಿಯವರು ಬಕೆಟ್ಟು ತಂದು ಅಂಗಳದಲ್ಲಿಟ್ಟರು. ನಿಮ್ಮ ಅಂಗಳಕ್ಕೆ ಇಡೀ ದೇಶ ಬರುತ್ತದೆ" ಎಂದು ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ ಹೇಳಿ, ಒಂದೇ ಒಂದು ಬೇಡಿಕೆ ಇಟ್ಟರು. ಈ ದೀಪಗಳನ್ನು ಅಧಿಕಾರಿಯ ಮನೆಯಲ್ಲೂ, ಆ ಮನೆಯ ಹಿಂದಿನ ಗುಡ್ಡದ ಮನೆಗಳಲ್ಲೂ ಹಚ್ಚಬೇಕು. ಅವನು ಒಪ್ಪಿದ. ಇಲಾಖೆಯ ಒಬ್ಬ ಎಳೆಯ ಮಹಿಳಾ ಎಂಜಿನಿಯರನ್ನು ಕಟ್ಟಿಕೊಂಡು ಅತ್ತೆ ದಿನಾ ಸಂಜೆ ಗುಡ್ಡ ಹತ್ತಿದರು. ಅಧಿಕಾರಿಯ ಊಟದ ಮನೆಯ ದೀಪವೇ ಮೊದಲು ಹೋಯಿತು. ಸಮಾರಂಭ ಮುಂದಕ್ಕೆ ಹೋಯಿತು, ಸರಕು ಹಿಂದಕ್ಕೆ ಹೋಯಿತು. ಕಡಿಮೆ ವೋಲ್ಟೇಜು ತಾಳುವ ದೀಪಗಳನ್ನೇ ತರಿಸಬೇಕೆಂಬ ನಿಯಮವಾಯಿತು.

ಕೊನೆಗೆ ಹಂಚುವ ದಿನ ಅತ್ತೆ ಮಂತ್ರಿಯ ವೇದಿಕೆಯಲ್ಲಿರಲಿಲ್ಲ, ಕೆಳಗೆ ಸಾಲಿನ ಹತ್ತಿರ ನಿಂತಿದ್ದರು. ಹಳೆಯ ಬಲ್ಬು ಕೊಟ್ಟರೆ ಹೊಸ ದೀಪ. ಒಬ್ಬ ಮುದುಕಿ ಮಾತ್ರ ಬಲ್ಬನ್ನು ಎದೆಗವಚಿಕೊಂಡು ಕೊಡಲೊಲ್ಲೆ ಎಂದಳಂತೆ.

"ಆಕೀ ಮನಿಗೆ ಕರೆಂಟು ಬಂದ ದಿನಾ ಗಂಡ ಹಚ್ಚಿದ ಬಲ್ಬಂತ. ಅವ ತೀರಿಹೋಗ್ಯಾನ," ಎಂದು ಅತ್ತೆ ನನಗೆ ಹೇಳಿದರು. "ಇಟ್ಕೊಳವಾ ತಾಯಿ ಅಂದೆ. ಹೊಸಾದೂ ಕೊಡಿಸಿದೆ. ಲೆಕ್ಕದಾಗ ಒಂದು ಬಲ್ಬು ಕಡಿಮಿ ಬಿದ್ರ ದೇಶೇನು ಮುಳಗಂಗಿಲ್ಲ."

ಊರಿಗೆ ಮರಳಿದ ವರ್ಷವೇ ನನ್ನನ್ನು ಧಾರವಾಡಕ್ಕೆ ಎಂ.ಎಸ್ಸಿ.ಗೆ ಹಚ್ಚಿದರು. ಎರಡು ಮಕ್ಕಳ ತಾಯಿ, ಸಣ್ಣ ಹುಡುಗಿಯರ ನಡುವೆ ಕೂರಲು ನಾಚಿಕೆ ಎಂದೆ. "ನಾ ಮುದುಕಿ ಆಗಿ ವಿಮಾನ ಹತ್ತೇನಿ, ನಿನಗ ಪಕ್ಕದ ಧಾರವಾಡಕ್ಕ ರಾಯಾಪುರ ದಾಟಿ ಹೋಗಾಕ ನಾಚಿಕಿ?" ಎಂದು ಬೈದರು. ನಾನು ಬರುವವರೆಗೆ ಮಕ್ಕಳಿಗೆ ಉಣಿಸಿ, ಪಾಠ ಹೇಳಿ, ಉಪ್ಪು ಜಾಸ್ತಿಯಾದ ಸಾರನ್ನು ನನಗಾಗಿ ಮುಚ್ಚಿಡುತ್ತಿದ್ದರು. ನಾನಿಂದು ಪ್ರಯೋಗಾಲಯವೊಂದರಲ್ಲಿ ದೀಪಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ.

ನನಗೆ ಆ ಕೆಲಸ ಸಿಕ್ಕ ಮರುವರ್ಷ ಅತ್ತೆ ತೀರಿಕೊಂಡರು. ಹೃದಯದ ಕಾಯಿಲೆ ಇತ್ತು, ಯಾರಿಗೂ ಹೆಚ್ಚು ಹೇಳಿಕೊಂಡಿರಲಿಲ್ಲ. ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ದೂರದ ದೇಶದಿಂದ ಒಂದು ಫೋನು ಬಂತು. ಅತ್ತೆಯ ಜೊತೆ ಗುಡ್ಡ ಹತ್ತುತ್ತಿದ್ದ ಆ ಎಂಜಿನಿಯರ್ ಹುಡುಗಿ. ಸುದ್ದಿ ಆಗಷ್ಟೇ ತಲುಪಿತ್ತಂತೆ. ಅಳು ತಡೆದುಕೊಂಡು ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಕೊನೆಗೆ ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು.

ಸೊಸೆ ಎನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ.

"ನಾನು ಅವರ ವಿದ್ಯಾರ್ಥಿನಿ," ಎಂದೆ.

ಆ ಕಡೆಯಿಂದ ಅವಳು ಮೆಲ್ಲಗೆ, "ನಾನೂ," ಎಂದಳು.