ಕೊರಳಿನ ನಟ್ಟು

ನಮ್ಮ ಮಾಸ್ಟರಿಗೆ ಇದ್ದದ್ದು ಒಂದೇ ಹುಬ್ಬು. ಬಲಗಡೆಯದು ಯಾವ ಕಾಲದಲ್ಲೋ ಬೆಸುಗೆಯ ಬೆಂಕಿಗೆ ಸುಟ್ಟುಹೋಗಿ ಮತ್ತೆ ಚಿಗುರಿರಲಿಲ್ಲ. ಎಡಗಡೆಯದು ಎರಡರ ಕೆಲಸವನ್ನೂ ತಾನೇ ಹೊತ್ತುಕೊಂಡು, ನಮ್ಮ ಮನೆಯ ಟಗರಿನ ಬೆನ್ನಿನಷ್ಟು ದಟ್ಟವಾಗಿ ಬೆಳೆದಿತ್ತು. ಸಿಟ್ಟು ಬಂದಾಗ ಅದು ಮೇಲೇರುತ್ತಿತ್ತು. ನಾನು ಸೇಲಂ ಪಕ್ಕದ ಓಮಲೂರಿನ ಎಸಿ ಮೆಕಾನಿಕ್ ತರಬೇತಿಗೆ ಸೇರಿದ ಮೇಲೆ ಅದು ಕೆಳಗಿಳಿದದ್ದೇ ಇಲ್ಲ ಎನ್ನಬಹುದು.

ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ತಾರಮಂಗಲಂ ಹತ್ತಿರದ ನಮ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕುರಿ ಸಾಕುವ ಅಪ್ಪ ಕಳುಹಿಸುವಾಗಲೇ ಷರತ್ತು ಹಾಕಿದ್ದರು. "ಪಾಸಾದ್ರೆ ನೀನು ಮೆಕಾನಿಕ್ಕು. ಫೇಲಾದ್ರೆ ಕೋಲು ತಕ್ಕೊಂಡು ಮಂದೆ ಇಂದೆ ಓಗು. ಆಮ್ಯಾಲೆ ಅಳಬ್ಯಾಡ." ಕುರಿಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಜೀವನಪೂರ್ತಿ ಅವುಗಳ ಹಿಂಭಾಗ ನೋಡುತ್ತಾ ನಡೆಯುವವಳಲ್ಲ ಎಂದು ಹಟ ತೊಟ್ಟಿದ್ದೆ.

ಮಾಸ್ಟರ್ ಕಂಬೈನಲ್ಲೂರು ಕಡೆಯವರು, ಮನೆಮಾತು ನಮ್ಮದೇ ಕನ್ನಡ. ಪಾಠ ತಮಿಳಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಅದು ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ. "ನಿನ್ ಕೈಗಿಂತ ಎಮ್ಮೆ ಕಾಲೇ ವಾಸಿ ಕಣ್ಲಾ!" ಎಂದು ಅವರು ಪಕ್ಕದ ಮೇಜಿನ ಹುಡುಗನಿಗೆ ಕೂಗಿದರೆ, ಅವನು ನನ್ನ ಕಡೆ ಬಾಗಿ, "ಎನ್ನ ಸೊನ್ನಾರು?" ಎಂದು ಕೇಳುತ್ತಿದ್ದ. ಏನು ಹೇಳಿದರು ಅಂತ. ನಿನ್ನ ಕೈ ಬಂಗಾರವಂತೆ ಎನ್ನುತ್ತಿದ್ದೆ. ಅವನು ಎದ್ದು ನಿಂತು ಮಾಸ್ಟರಿಗೆ ಕೈಮುಗಿಯುತ್ತಿದ್ದ. ಹುಬ್ಬು ಇನ್ನಷ್ಟು ಮೇಲೇರುತ್ತಿತ್ತು.

ನನಗಿದ್ದದ್ದು ಒಂದೇ ಕಾಯಿಲೆ. ತಾಮ್ರದ ಪೈಪನ್ನು ಎಸಿಗೆ ಜೋಡಿಸಲು ಅದರ ತುದಿಯನ್ನು ತುತ್ತೂರಿಯ ಬಾಯಿಯಂತೆ ಅಗಲಿಸಬೇಕು. ಅದಕ್ಕೂ ಮುಂಚೆ ಹಿತ್ತಾಳೆಯ ನಟ್ಟನ್ನು ಪೈಪಿಗೆ ತೊಡಿಸಿರಬೇಕು. ಬಾಯಿ ಅಗಲವಾದ ಮೇಲೆ ಅದು ಹೋಗುವುದಿಲ್ಲ. ಅಕ್ಕಸಾಲಿಗನಿಗೂ ಹೊಟ್ಟೆಯುರಿಯುವಂಥ ತುತ್ತೂರಿ ಮಾಡುತ್ತಿದ್ದೆ ನಾನು. ನಟ್ಟು ಮಾತ್ರ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ನಾನು ಕತ್ತರಿಸಿ ಎಸೆದ ತಾಮ್ರದಲ್ಲಿ ಸೇಲಂವರೆಗೂ ಪೈಪ್ ಎಳೆಯಬಹುದಿತ್ತು.

ಒಂದು ದಿನ ಮಾಸ್ಟರ್ ಬೈಯಲಿಲ್ಲ. ಅಲ್ಲೇ ಬಿದ್ದಿದ್ದ ಹಳದಿ ದಾರಕ್ಕೆ ಒಂದು ನಟ್ಟು ಪೋಣಿಸಿ ಕೊಟ್ಟರು. "ಮಂದೆ ಬಿಟ್ಟೋಗೋ ಕುರಿಗೆ ನಿಮ್ಮನೇಲಿ ಗಂಟೆ ಕಟ್ತೀರಲ್ವಾ? ಇದ್ನ ಕೊರಳಿಗೆ ಆಕ್ಕೋ. ಪೈಪಿಗೆ ಕೈ ಆಕೋಕೆ ಮುಂಚೆ ಕೊರಳು ಮುಟ್ಟು."

ಹಾಕಿಕೊಂಡೇ ಮನೆಗೆ ಹೋದೆ. ಅಜ್ಜಿಯ ಕಣ್ಣಿಗೆ ಬಿದ್ದದ್ದು ಹಳದಿ ದಾರ, ಅದರಲ್ಲಿ ಹೊಳೆಯುವ ಲೋಹ.

"ಅಯ್ಯಯ್ಯೋ, ಯಾರೇ ಕಟ್ಟಿದ್ದು?"

"ಮಾಸ್ಟರ್ ಕೊಟ್ರು ಕಣಜ್ಜಿ."

ಅಜ್ಜಿಯ ಕೂಗಿಗೆ ಹಟ್ಟಿಯ ಕುರಿಗಳೆಲ್ಲ ಎದ್ದು ನಿಂತವು.

ಮರುದಿನ ಅಪ್ಪ ಕುರಿ ಕಾಯುವ ಕೋಲಿನ ಸಮೇತ ವರ್ಕ್‌ಶಾಪಿಗೆ ನುಗ್ಗಿದರು. "ನನ್ ಮಗಳ ಕೊರಳಿಗೆ ಏನಯ್ಯಾ ಕಟ್ಟಿದ್ದೀಯ?"

ಮಾಸ್ಟರ್ ಅಲುಗಲಿಲ್ಲ. "ಬಾಣ್ಣ. ಈ ನಟ್ಟು ಮೊದಲು ಪೈಪಿಗೆ ಆಕು, ಆಮ್ಯಾಲೆ ಪೈಪಿನ ಬಾಯಿ ಅಗಲ ಮಾಡು. ಅದಾದ್ಮ್ಯಾಲೆ ನಂಗೆ ಒಡೀವಂತೆ."

ಅಪ್ಪ ನಟ್ಟು ಕಳೆದುಹೋಗದಿರಲಿ ಎಂದು ಜೇಬಿಗೆ ಹಾಕಿಕೊಂಡು, ಹಲ್ಲು ಕಚ್ಚಿ ಅಗಲಿಸುವ ಉಪಕರಣದ ಸ್ಕ್ರೂ ತಿರುಗಿಸಿದರು. ತುತ್ತೂರಿ ಅರಳಿತು, ಅಪ್ಪನ ಮುಖವೂ ಅರಳಿತು. ಮಾಸ್ಟರ್ ಅಪ್ಪನ ಜೇಬು ತಟ್ಟಿ ತೋರಿಸಿದರು.

"ಓಹೋ, ಇದು ವಂಶದ ಕಾಯಿಲೆ. ಅಣ್ಣಾ, ನಿಂಗೂ ಒಂದು ಕಟ್ಲಾ?"

ಅಪ್ಪ ನಕ್ಕುಬಿಟ್ಟರು. ಷರತ್ತನ್ನು ಮಾತ್ರ ಬಿಡಲಿಲ್ಲ.

ಪರೀಕ್ಷೆಗೆ ಒಬ್ಬೊಬ್ಬರಿಗೆ ಒಂದೇ ತುಂಡು ಪೈಪ್. ಕೆಡಿಸಿದರೆ ಇನ್ನೊಂದಿಲ್ಲ. ಸೇಲಂನಿಂದ ಬಂದಿದ್ದ ಪರೀಕ್ಷಕರು ನನ್ನ ಕೊರಳು ನೋಡಿ, ಬೆಂಕಿಯ ಹತ್ತಿರ ಏನೂ ನೇತಾಡಬಾರದು, ತೆಗೆಯಮ್ಮಾ ಎಂದರು. ದಾರ ತೆಗೆದು ಮುಷ್ಟಿಯಲ್ಲೇ ಹಿಡಿದು ನಿಂತೆ. ಮಾಸ್ಟರ್ ಬಂದು ನಟ್ಟನ್ನು ಇಸಿದುಕೊಂಡರು. "ಗಂಟೆ ಇಲ್ಲ ಅಂದ್ರೆ ಕುರಿಗೆ ದಾರಿ ಗೊತ್ತಾಗಲ್ವಾ? ಓಗು."

ಪೈಪ್ ಕತ್ತರಿಸಿದೆ, ತುದಿ ನುಣುಪು ಮಾಡಿದೆ. ಅಗಲಿಸುವ ಉಪಕರಣಕ್ಕೆ ಕೈ ಚಾಚುವಷ್ಟರಲ್ಲಿ ಇನ್ನೊಂದು ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆ ಬರಿಗೊರಳೇ ನೆನಪಿಸಿತು. ಮೇಜಿನ ಮೇಲಿದ್ದ ನಟ್ಟನ್ನು ಪೈಪಿಗೆ ತೊಡಿಸಿದೆ. ಜೋಡಿಸಿ, ಒಳಗೆ ಗಾಳಿ ತುಂಬಿಸಿ, ಮೇಲೆ ಸೋಪಿನ ನೊರೆ ಹಚ್ಚಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಮಾಸ್ಟರ್ ಪಕ್ಕದಲ್ಲಿ ಹಾದುಹೋಗುತ್ತಾ, "ಒಳ್ಳೇ ಕೈ ಕಣವ್ವ ನಿಂದು" ಎಂದರು. ಹುಬ್ಬು ಮೊದಲ ಸಲ ಅದರ ಜಾಗದಲ್ಲಿತ್ತು.

"ಎನ್ನ ಸೊನ್ನಾರು?" ಎಂದ ಪಕ್ಕದ ಮೇಜಿನವನು.

"ಬೈದರು" ಎಂದೆ.

ಕಳೆದ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮಾಸ್ಟರ್ ಎದೆನೋವು ಬಂದು ತೀರಿಕೊಂಡರು. ಕಂಬೈನಲ್ಲೂರಿಗೆ ಅಪ್ಪನೂ ನನ್ನ ಜೊತೆ ಬಂದರು, ಕೋಲಿಲ್ಲದೆ.

ಈಗ ನಾನು ಸೇಲಂನಲ್ಲಿ ಮನೆಮನೆಗೆ ಹೋಗಿ ಎಸಿ ಜೋಡಿಸುತ್ತೇನೆ. ಪೈಪ್ ಹಿಡಿಯುವ ಮುಂಚೆ ಕೊರಳು ಮುಟ್ಟಿಕೊಳ್ಳುವುದನ್ನು ನೋಡಿ ಮನೆಯವರು, ದೇವರನ್ನು ನೆನೆಯುತ್ತೀಯಾ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ನಿನ್ನ ದೇವರಿಗೆ ಎಷ್ಟು ಹುಬ್ಬು ಎಂದು ಯಾರೂ ಕೇಳಿಲ್ಲ.