ಮೊದಲ ಹೋಟೆಲಿನಲ್ಲೇ ಮುಗಿದ ನಡಿಗೆ

ಮಧ್ಯಾಹ್ನ ಹನ್ನೆರಡು. ಗೆಳೆಯರೇ, ಇಂದು ಬೆಂಗಳೂರಿನ ಹಳೇ ಪೇಟೆಯಲ್ಲಿ ಗೈಡ್ ಜೊತೆ ನಡೆಯುತ್ತ ಆರು ಹೋಟೆಲುಗಳ ತಿಂಡಿ ರುಚಿ ನೋಡುವುದಿತ್ತು. ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅಂದಿನಿಂದ ಅವ್ವ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಾಳೆ. ಊರು ಬದಲಾದರೆ ತಿಂದಾಳೆಂದು ಇಳಕಲ್ಲಿನಿಂದ ಕರೆತಂದಿದ್ದೆ.

ಮೊದಲ ಹೋಟೆಲಿನಲ್ಲಿ ಇಬ್ಬರಿಗೊಂದು ಪ್ಲೇಟ್ ಇಡ್ಲಿ ಕೊಟ್ಟರು. ಅವ್ವ ನನ್ನ ಪಾಲನ್ನೂ ತಿಂದು, "ಇನ್ನೊಂದು ಪ್ಲೇಟ್ ತರ್ರಿ" ಎಂದಳು.

ಗೈಡ್ ಮೇಡಂ ಗಡಿಯಾರ ನೋಡಿದರು. "ಅಮ್ಮಾ, ಇಲ್ಲಿ ರುಚಿ ನೋಡಿದ್ರೆ ಸಾಕು. ಇನ್ನೂ ಐದು ಕಡೆ ಹೋಗ್ಬೇಕು."

"ತಿನ್ನಾಕ ಕುಂತವ್ರನ್ನ ನಡುವ ಎಬ್ಬಸ್ತಾರೇನ ಯವ್ವಾ? ನಿಮ್ಮ ಊರಾಗ ಹಂಗ ಐತೇನು?"

ಗುಂಪಿನವರೆಲ್ಲ ಆಗಲೇ ಬಾಗಿಲಲ್ಲಿ ನಿಂತಿದ್ದರು.

"ನೀವು ನಡೀರಿ ಮೇಡಂ. ನಾವು ಇಲ್ಲೇ ಕುಂದರ್ತೇವಿ" ಎಂದೆ.

ಅವರು ಹೋದರು. ಅವ್ವ ಮತ್ತೆರಡು ಪ್ಲೇಟ್ ತಿಂದಳು.

"ಚಟ್ನಿಗಿ ಖಾರನ ಇಲ್ಲ. ಹೆಂಗ ತಿಂತಾರೋ ಈ ಮಂದಿ!"

ಎರಡು ತಿಂಗಳಲ್ಲಿ ಅವಳು ಊಟದ ಬಗ್ಗೆ ಆಡಿದ ಮೊದಲ ದೂರು ಇದು. ಹೀಗೆ ಬೆಂಗಳೂರಿನಲ್ಲಿ ನಾವು ನೋಡಿದ್ದು ಒಂದೇ ಹೋಟೆಲು. ಗಲ್ಲಾದ ಮೇಲೆ ಕೂತವರನ್ನು ಕೇಳಿಕೊಂಡು ಬಂದಿದ್ದೇನೆ: ನಾಳೆ ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುತ್ತಾರೆ.